ಡೊಮಿನಿಯನ್ಸ್ 6 ಒಬ್ಬರೇ ಆಡೋಕೆ ಸರಿಹೋಗುತ್ತಾ? ಆಡಿದವರು ಹೇಳಿ

ಟರ್ನ್-ಬೇಸ್ಡ್ ಸ್ಟ್ರಾಟಜಿ (ಸರದಿ ಪ್ರಕಾರ ಆಡೋ ತಂತ್ರದ ಕಂಪ್ಯೂಟರ್ ಆಟ) ಅಂದ್ರೆ ನನಗೆ ಪ್ರಾಣ, ಆದ್ರೆ ಸಿವಿಲೈಸೇಶನ್ ಆಡಿ ಆಡಿ ಸಾಕಾಗಿದೆ. ಅದೇ ಥರದ ಇನ್ನೊಂದು ಆಟ ಡೊಮಿನಿಯನ್ಸ್ 6 ಮೇಲೆ ಕಣ್ಣು ಬಿದ್ದಿದೆ. ಕೇಳಿದವರೆಲ್ಲ "ಅದು ಮಲ್ಟಿಪ್ಲೇಯರ್ ಆಟ" ಅಂತಾರೆ. ಗುರುತಿಲ್ಲದವರ ಜೊತೆ ಆನ್‌ಲೈನ್ ಆಡೋ ಮನಸ್ಸಿಲ್ಲ. ಒಬ್ಬನೇ ಆಡಿದ್ರೆ ದುಡ್ಡು ದಂಡವಾ?

—

ದಂಡ ಅಲ್ಲ. ಆದ್ರೆ ನಿಮಗೆ ಖುಷಿ ಕೊಡೋದು ಏನು ಅನ್ನೋದರ ಮೇಲೆ ಹೋಗುತ್ತೆ. ಎದುರಾಳಿಯನ್ನ ಮಣಿಸೋದೇ ಮಜಾ ಅನ್ನೋರಿಗೆ ಇಲ್ಲಿನ ಎಐ (ಕಂಪ್ಯೂಟರೇ ಆಡೋ ಎದುರಾಳಿ) ಸಪ್ಪೆ. ಸೈನ್ಯ ರಾಶಿ ಹಾಕಿಕೊಂಡು ಬರುತ್ತೆ, ತಂತ್ರ ಕಮ್ಮಿ. ಕಷ್ಟದ ಮಟ್ಟ ಏರಿಸಿದ್ರೆ ಅದಕ್ಕೆ ಸಿಗೋ ಸವಲತ್ತು ಜಾಸ್ತಿ ಆಗುತ್ತೆ, ಬುದ್ಧಿ ಅಲ್ಲ.

ನಾನು ಆಡೋದು ಯುದ್ಧ ನೋಡೋಕೆ. ಇಲ್ಲಿ ಯುದ್ಧದ ಮಧ್ಯೆ ನೀವು ಕೈ ಹಾಕೋ ಹಾಗಿಲ್ಲ. ಮೊದಲೇ ಪಡೆಗಳನ್ನ ಜೋಡಿಸಿ, ಮಂತ್ರವಾದಿಗೆ ಐದು ಸುತ್ತಿಗೆ ಏನೇನು ಮಾಡಬೇಕು ಅಂತ ಬರೆದಿಟ್ಟು ಟರ್ನ್ ಮುಗಿಸಬೇಕು. ಆಮೇಲೆ ಆಗಿದ್ದನ್ನ ಕೂತು ನೋಡೋದಷ್ಟೇ. ಆರನೇ ಸುತ್ತಿಂದ ಅವನು ತನ್ನಿಷ್ಟ ಬಂದ ಮಂತ್ರ ಹಾಕ್ತಾನೆ. ಆಯಾಸ ನೂರು ಮುಟ್ಟಿದ್ರೆ ರಣರಂಗದಲ್ಲೇ ಪ್ರಜ್ಞೆ ತಪ್ಪಿ ಬೀಳ್ತಾನೆ. ಹಿಂದೆ ನಿಂತ ಬಿಲ್ಲುಗಾರರ ಬಾಣ ನಮ್ಮ ಕಾಲಾಳುಗಳ ಬೆನ್ನಿಗೇ ನಾಟುತ್ತೆ. ಯಾಕೆ ಸೋತೆ ಅಂತ ಅದೇ ಕಾಳಗವನ್ನ ತಿರುಗಿಸಿ ತಿರುಗಿಸಿ ನೋಡ್ತಾ ರಾತ್ರಿ ಕಳೆದುಹೋಗುತ್ತೆ. ಇದಕ್ಕೆ ಜಾಣ ಎದುರಾಳಿ ಬೇಕಿಲ್ಲ.

ಇನ್ನೊಂದು, ನಮ್ಮೋರಿಗೆ ಕಥೆ ತಾನಾಗೇ ಹತ್ತಿರವಾಗುತ್ತೆ. ಕೈಲಾಸ, ಲಂಕಾ, ಪಾತಾಳ ಅಂತಲೇ ರಾಷ್ಟ್ರಗಳಿವೆ. ಯಕ್ಷರು, ಗಂಧರ್ವರು, ರಾಕ್ಷಸರು, ವಾನರರು ಎಲ್ಲ ಇದ್ದಾರೆ. ಮರ್ಕಟ ಅನ್ನೋ ಪುಟಾಣಿ ಕೋತಿ ಪಡೆ ಬಲು ಅಗ್ಗ, ಸ್ವಲ್ಪ ಪೆಟ್ಟು ಬಿದ್ರೆ ಸಾಕು, ದಿಕ್ಕಾಪಾಲು!

—

ನನ್ನ ಅಭಿಪ್ರಾಯ ಉಲ್ಟಾ. ಕ್ಯಾಂಪೇನ್ ಇಲ್ಲ, ಕಥೆಯ ಎಳೆ ಇಲ್ಲ. ಸಂಧಾನ, ಬೆನ್ನಿಗೆ ಚೂರಿ, ಇವೆಲ್ಲ ಮನುಷ್ಯರ ಜೊತೆ ಆಡಿದಾಗ ಮಾತ್ರ. ನಡುವಿನ ಆಟಕ್ಕೆ ಬರೋ ಹೊತ್ತಿಗೆ ಗೆಲುವು ಖಾತ್ರಿ ಆಗಿರುತ್ತೆ, ಉಳಿದಿದ್ದು ಬರೀ ಕ್ಲಿಕ್ ಕ್ಲಿಕ್. ನಾನು ಬಿಟ್ಟುಬಿಟ್ಟೆ.

—

ಮೇಲಿನವರು ಹೇಳಿದ ಬೇಜಾರು ನಿಜ, ಆದ್ರೆ ಅರ್ಧ ತಪ್ಪು ಮ್ಯಾಪಿನದ್ದು. ದೊಡ್ಡ ಮ್ಯಾಪ್ ತಗೊಂಡು ಹನ್ನೆರಡು ಎಐ ಹಾಕಿದ್ರೆ ಯಾರಿಗಾದ್ರೂ ಸುಸ್ತಾಗುತ್ತೆ. ಸಣ್ಣ ಮ್ಯಾಪು, ಮೂರ್ನಾಲ್ಕು ಎದುರಾಳಿ ಸಾಕು. ಮ್ಯಾಪಿನಲ್ಲಿರೋ ಸಿಂಹಾಸನಗಳನ್ನ ಹಿಡಿದು ಗೆಲ್ಲೋ ನಿಯಮಕ್ಕೆ ಬೇಕಾದ ಅಂಕ ಕಮ್ಮಿ ಇಡಿ, ಕೊನೇ ಕೋಟೆ ತನಕ ಅಟ್ಟಿಸಿಕೊಂಡು ಹೋಗೋ ಕೆಲಸ ತಪ್ಪುತ್ತೆ. ನಿಮ್ಮ ದೇವರನ್ನ (ಆಟದ ಮೊದಲು ನೀವೇ ರೂಪಿಸಿಕೊಳ್ಳೋ ನಾಯಕ) ಶುರುವಿಂದಲೇ ಎಚ್ಚರವಾಗಿರೋ ಹಾಗೆ ಮಾಡಿಕೊಳ್ಳಿ. ಸೆರೆಯಲ್ಲಿಟ್ಟ ದೇವರನ್ನ ರೂಪಿಸೋಕೆ ಅಂಕ ಜಾಸ್ತಿ ಸಿಗುತ್ತೆ ನಿಜ, ಆದ್ರೆ ಅದು ಎದ್ದು ಬರೋ ತನಕ ಹೊಸಬರು ಕಾಯೋದು ಕಷ್ಟ. ಕೈಪಿಡಿ ನೂರಾರು ಪುಟ ಇದೆ, ಪೂರ್ತಿ ಓದೋಕೆ ಹೋಗಬೇಡಿ. ಒಂದೇ ರಾಷ್ಟ್ರ ಹಿಡ್ಕೊಂಡು, ಅದಕ್ಕೆ ಬೇಕಾದ ಮಂತ್ರಗಳನ್ನಷ್ಟೇ ನೋಡಿ.

—

ಅಷ್ಟೊಂದು ತಲೆಬಿಸಿ ಬೇಡ ಅಂದ್ರೆ ಡೊಮಿನಿಯನ್ಸ್ ಮಾಡಿದ ಅದೇ ಇಲ್‌ವಿಂಟರ್‌ನವರ ಕಾಂಕ್ವೆಸ್ಟ್ ಆಫ್ ಎಲಿಸಿಯಮ್ 5 ನೋಡಿ. ನಿಯಮ ಕಮ್ಮಿ, ಕಾಡುಪ್ರಾಣಿಗಳೇ ನಿಮ್ಮನ್ನ ಮುಗಿಸಿಬಿಡ್ತವೆ, ಒಬ್ಬರೇ ಆಡೋರಿಗೆ ಅದೇ ಮೇಲು ಅಂತ ನನಗನಿಸುತ್ತೆ. ಡೊಮಿನಿಯನ್ಸೇ ಬೇಕು ಅಂತಿದ್ರೆ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ತಗೊಳ್ಳಿ. ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ರೆ ವಾಪಸ್ ಮಾಡಬಹುದು. ಆದ್ರೆ ಈ ಆಟದಲ್ಲಿ ದೇವರನ್ನ ರೂಪಿಸೋ ಪರದೆಯಲ್ಲೇ ಆ 2 ಗಂಟೆ ಮುಗಿದುಹೋಗೋ ಸಾಧ್ಯತೆ ಇದೆ, ಗಡಿಯಾರದ ಮೇಲೆ ಕಣ್ಣಿಡಿ.