ಒಸಾಕಾದ ಅಗ್ಗದ ಸುಶಿ ಹೋಟೆಲಿನಲ್ಲಿ ನಮ್ಮಂಥವರು ಹೇಗೆ ಊಟ ಮಾಡಬೇಕು?

ಪ್ರಶ್ನೆ: ನಾಪೋಕ್ಲು ಕಡೆಯ ಬೆಳೆಗಾರ

ನಮ್ಮ ಮಗ ಜಪಾನಿನ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ. ರೊಬಸ್ಟಾ ಕೊಯ್ಲು ಮುಗಿದ ಮೇಲೆ ಏಪ್ರಿಲ್ ತಿಂಗಳಲ್ಲಿ ನಾನು, ನನ್ನ ಹೆಂಡತಿ ಮತ್ತು ಅವಳ ಅಕ್ಕ ಅಲ್ಲಿಗೆ ಹೊರಟಿದ್ದೇವೆ. ತಟ್ಟೆಗಳು ಮೇಜಿನ ಪಕ್ಕದಲ್ಲೇ ಪಟ್ಟಿಯ ಮೇಲೆ ಸಾಗಿಬರುವ ಅಗ್ಗದ ಸುಶಿ (ಅನ್ನದ ಉಂಡೆಯ ಮೇಲೆ ಹೆಚ್ಚಾಗಿ ಹಸಿ ಮೀನಿಟ್ಟು ಕೊಡುವ ಜಪಾನಿನ ತಿನಿಸು) ಹೋಟೆಲಿಗೆ ಕರೆದೊಯ್ಯುವುದಾಗಿ ಮಗ ಹೇಳಿದ್ದಾನೆ. ನಮ್ಮ ಮನೆಯಲ್ಲಿ ಮೀನು ಆಗಾಗ ಆಗುತ್ತದೆಯಾದರೂ, ಕರಾವಳಿಯಿಂದ ಘಟ್ಟ ಹತ್ತಿ ಬಂದ ಮತ್ತಿ, ಬಂಗುಡೆಗಳನ್ನು ಕಾಚಂಪುಳಿ ಹಾಕಿ ಬೇಯಿಸಿ ತಿಂದೇ ನಮಗೆ ರೂಢಿ. ಹಸಿ ಮೀನೆಂದರೆ ಹೆಂಡತಿ ಹಿಂಜರಿಯುತ್ತಾಳೆ. ಅವಳ ಅಕ್ಕನಂತೂ ಮೀನು, ಮಾಂಸ ಬಿಟ್ಟು ಎಷ್ಟೋ ವರ್ಷಗಳಾಗಿವೆ. ಬೆಲೆ ಕಡಿಮೆಯೆಂದರೆ ಮೀನೂ ಹಳೆಯದಿರಬಹುದೇ, ಇವರಿಬ್ಬರೂ ನೆಮ್ಮದಿಯಿಂದ ತಿನ್ನುವಂಥದ್ದು ಅಲ್ಲಿ ಸಿಗುತ್ತದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ವಿರಾಜಪೇಟೆಯವನು, ನಾಲ್ಕು ವರ್ಷ ಜಪಾನಿನಲ್ಲಿದ್ದವನು

ಸರ್, ತಾವು ಸರಿಯಾದ ಊರಿಗೇ ಹೊರಟಿದ್ದೀರಿ. ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಪಟ್ಟಿಯ ಮೇಲೆ ಸಾಗುವುದನ್ನು ಕಂಡ ಯೋಶಿಯಾಕಿ ಶಿರಾಯಿಶಿ ಎಂಬುವರು, ಈಗಿನ ಹಿಗಾಶಿ ಒಸಾಕಾದಲ್ಲಿ 1958ರಲ್ಲಿ ಇಂಥ ಮೊದಲ ಹೋಟೆಲನ್ನು ತೆರೆದರು. ಬಡಿಸುವವರ ಸಂಖ್ಯೆ ಕಡಿಮೆಯಾದುದರಿಂದ ಸುಶಿ ಸಾಮಾನ್ಯರ ಕೈಗೆ ಎಟುಕಿತು. ಈಗ ದೊಡ್ಡ ಸರಣಿ ಹೋಟೆಲುಗಳಲ್ಲಿ ಅನ್ನದ ಉಂಡೆಯನ್ನೂ ಯಂತ್ರವೇ ಒತ್ತಿಕೊಡುತ್ತದೆ, ಮೀನನ್ನು ಭಾರಿ ಪ್ರಮಾಣದಲ್ಲಿ ಒಟ್ಟಿಗೇ ಕೊಳ್ಳುತ್ತಾರೆ. ಆದುದರಿಂದ ಬೆಲೆ ಇಳಿದಿರುವುದು ಮೀನು ಹಳಸಿದೆಯೆಂಬ ಕಾರಣಕ್ಕಲ್ಲ. ಬಹುಕಾಲ ತೆರಿಗೆ ಬಿಟ್ಟು 100 ಯೆನ್ ಇದ್ದ ತಟ್ಟೆಯ ಬೆಲೆಯನ್ನು ಕೆಲವು ಸರಣಿಗಳು 2022ರಲ್ಲಿ ಏರಿಸಿದವು. ಒಂದು ತಟ್ಟೆಯಲ್ಲಿ ಸಾಮಾನ್ಯವಾಗಿ ಎರಡು ತುಂಡುಗಳಿರುತ್ತವೆ. ತಟ್ಟೆಗಳನ್ನು ಎಣಿಸಿ ಬಿಲ್ ಮಾಡುತ್ತಾರೆ, ಟಿಪ್ಸ್ ಕೊಡುವ ಪದ್ಧತಿ ಇಲ್ಲ.

ನನ್ನ ಅಭಿಪ್ರಾಯದಲ್ಲಿ, ಕೊಡಗಿನವರು ಸುಶಿಯನ್ನು ಮೀನಿನ ಕಡೆಯಿಂದ ನೋಡದೆ ಅಕ್ಕಿಯ ಕಡೆಯಿಂದ ನೋಡಬೇಕು. ಸುಶಿ ಎಂಬ ಹೆಸರು ಸೇರುವುದೇ ಹುಳಿ ಬೆರೆಸಿದ ಅನ್ನಕ್ಕೆ; ಅನ್ನವಿಲ್ಲದ ಹಸಿ ಮೀನಿನ ಹೋಳುಗಳನ್ನು ಸಾಶಿಮಿ ಎನ್ನುತ್ತಾರೆ. ಗುಂಡು ಅಕ್ಕಿಯ ಅನ್ನಕ್ಕೆ ವಿನೆಗರ್, ಸಕ್ಕರೆ, ಉಪ್ಪು ಬೆರೆಸಿ, ಮೈಬಿಸಿಗೆ ಹತ್ತಿರದ ಹದಕ್ಕೆ ಆರಿಸಿ ಹಿಡಿದಿರುತ್ತಾರೆ. ಅಕ್ಕಿಯ ಕಡಂಬುಟ್ಟು, ಪಾಪುಟ್ಟು ತಿಂದು ಬೆಳೆದವರಿಗೆ, ಹಿತವಾಗಿ ಹುಳಿಯಾದ ಆ ಅನ್ನ ಬಾಯಿಗಿಟ್ಟ ಕೂಡಲೇ ಪರಿಚಯದ್ದೆನಿಸುತ್ತದೆ. ನನಗಂತೂ ಮೊದಲ ದಿನವೇ ಹಾಗೆ ಅನಿಸಿತ್ತು. ಅದನ್ನು ಕೈಯಿಂದ ಎತ್ತಿ ತಿಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಸೋಯಾ ಸಾಸಿಗೆ ಅನ್ನದ ಬದಿಯನ್ನು ಅದ್ದಿದರೆ ಉಂಡೆ ಒಡೆದು ಉಪ್ಪುಪ್ಪಾಗುತ್ತದೆ, ಮೀನಿನ ಬದಿಯನ್ನಷ್ಟೇ ತಾಗಿಸಬೇಕು.

ತಮ್ಮ ಮನೆಯವರು ಬೇಯಿಸಿದ ಸಿಗಡಿ, ಸುಟ್ಟ ಹಾವುಮೀನು, ಮೊಟ್ಟೆಯ ಸುಶಿಗಳಿಂದ ಆರಂಭಿಸಲಿ. ಇವು ಯಾವುವೂ ಹಸಿಯಲ್ಲ. ಮೇಜಿನ ಬಳಿಯ ನಲ್ಲಿಯಲ್ಲಿ ಬರುವುದು ಚಹಾ ಪುಡಿಗೆ ಬೆರೆಸುವ ಕುದಿನೀರು. ಕೈತೊಳೆಯುವ ನಲ್ಲಿಯೆಂದು ತಿಳಿದು ಕೈಯೊಡ್ಡಿದರೆ ಸುಟ್ಟೀತು, ದಯವಿಟ್ಟು ಜೋಪಾನ.

ಉತ್ತರ 2: ಮಡಿಕೇರಿಯ ಗೃಹಿಣಿ

ತಮ್ಮ ಹೆಂಡತಿಯ ಅಕ್ಕನ ವಿಷಯದಲ್ಲಿ ನಾನು ಹೇಳಬೇಕಾದುದಿದೆ, ಏಕೆಂದರೆ ಸಸ್ಯಾಹಾರಿಯಾದ ನಾನು ಅಲ್ಲಿ ಒಮ್ಮೆ ಮೋಸಹೋಗಿದ್ದೇನೆ. ಸಿಹಿ ತೋಫು (ಸೋಯಾ ಪನೀರು) ಚೀಲದೊಳಗೆ ಅನ್ನ ತುಂಬಿದ ಇನಾರಿ ಎಂಬುದು ನೋಡಲು ಪೂರ್ತಿ ಸಸ್ಯಾಹಾರದಂತಿದ್ದರೂ, ಆ ಚೀಲವನ್ನು ಸಾಮಾನ್ಯವಾಗಿ ಒಣಮೀನಿನ ಚೂರುಗಳಿಂದ ತೆಗೆದ ದಾಶಿ ಎಂಬ ಸಾರಿನಲ್ಲಿ ಬೇಯಿಸುತ್ತಾರೆ. ಹುದುಗಿಸಿದ ಸೋಯಾದ ಮಿಸೋ ಸಾರಿಗೂ, ಸೋರೆಯ ಜಾತಿಯ ಕಾಯಿಯ ಎಳೆಗಳನ್ನು ಅನ್ನದೊಂದಿಗೆ ಸುತ್ತಿ ಮಾಡುವ ಕಾನ್‌ಪ್ಯೋ ಸುರುಳಿಗೂ ಇದೇ ದಾಶಿ ಸೇರಿರಬಹುದು. ಹಸಿ ಸೌತೆಕಾಯಿಯ ಕಪ್ಪಾ ಸುರುಳಿ ಇವುಗಳಿಗಿಂತ ವಾಸಿ. ಆದರೂ ಒಂದೇ ಅಡುಗೆಮನೆಯಲ್ಲಿ ಎಲ್ಲವೂ ತಯಾರಾಗುತ್ತದೆ ಎಂಬುದನ್ನು ಅವರಿಗೆ ಮೊದಲೇ ತಿಳಿಸಿ, ಒಪ್ಪಿದರೆ ಮಾತ್ರ ಕರೆದೊಯ್ಯಿರಿ. ವ್ರತವಿದ್ದ ದಿನ ಹೋಗದಿರುವುದು ಒಳ್ಳೆಯದು.

ಉತ್ತರ 3: ಕುಶಾಲನಗರದ ಯುವಕ

ಅಷ್ಟು ದೂರ ಹೋಗುವ ಮುನ್ನ ಮನೆಯಲ್ಲೇ ಹಸಿ ಮೀನಿನ ರೂಢಿ ಮಾಡಿಕೊಳ್ಳಬಹುದಲ್ಲವೇ? ಕಾವೇರಿಯಲ್ಲಿ ಆಗತಾನೇ ಹಿಡಿದ ಮೀನಿಗಿಂತ ತಾಜಾ ಮೀನು ಒಸಾಕಾದಲ್ಲಿಯೂ ಸಿಗಲಾರದು.

ಉತ್ತರ 4: ಗೋಣಿಕೊಪ್ಪಲಿನ ವೈದ್ಯೆ

ಈ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬಾರದು. ತಾಜಾತನವೇ ಬೇರೆ, ಪರೋಪಜೀವಿಗಳ ಭಯವೇ ಬೇರೆ. ಹೊಳೆ, ಕೆರೆ, ಗದ್ದೆಗಳ ಮೀನನ್ನು ಹಸಿಯಾಗಿ ತಿಂದರೆ ಯಕೃತ್ತಿಗೆ ಸೇರುವ ಚಪ್ಪಟೆ ಹುಳುಗಳಂಥವು ದೇಹವನ್ನು ಹೊಕ್ಕಬಹುದು. ಅವು ಜೀವಂತ ಮೀನಿನಲ್ಲೇ ಇರುವುದರಿಂದ ಆಗತಾನೇ ಹಿಡಿದುದೆಂಬುದು ರಕ್ಷಣೆಯಲ್ಲ. ಸಮುದ್ರ ಮೀನಿನಲ್ಲಿಯೂ ಅನಿಸಾಕಿಸ್ ಎಂಬ ಹುಳು ಇರಬಹುದು, ಅದು ವಿನೆಗರಿಗಾಗಲಿ, ಸುಶಿಯೊಂದಿಗೆ ಕೊಡುವ ಖಾರದ ಹಸಿರು ವಸಾಬಿಗಾಗಲಿ ಸಾಯುವುದಿಲ್ಲ. ಹಸಿಯಾಗಿ ಬಡಿಸುವ ಮೀನನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ, ಇಲ್ಲವೇ ಮೈನಸ್ 35 ಡಿಗ್ರಿಯಲ್ಲಿ ಗಟ್ಟಿಯಾಗಿಸಿ 15 ಗಂಟೆ ಇಡಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೇಳುತ್ತದೆ. ನಮ್ಮ ಮನೆಗಳ ಫ್ರಿಜ್‌ಗಳನ್ನು, ಅದರಲ್ಲೂ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರುಗಳಲ್ಲಿ, ಇದಕ್ಕೆ ನಂಬುವಂತಿಲ್ಲ. ಇನ್ನು ಸರಿಯಾಗಿ ತಣ್ಣಗಿಡದ ಬಂಗುಡೆಯಲ್ಲಿ ಉಂಟಾಗುವ ಹಿಸ್ಟಮೀನ್ ಬೇಯಿಸಿದರೂ ಹೋಗುವುದಿಲ್ಲ. ಮನೆಯಲ್ಲಿ ಮಾಡಲೇಬೇಕೆಂದರೆ ಸೌತೆಕಾಯಿ, ಮೊಟ್ಟೆ, ಬೇಯಿಸಿದ ಸಿಗಡಿಗಳಿಂದ ಮಾಡಿರಿ. ಗರ್ಭಿಣಿಯರು, ಕೀಮೋಥೆರಪಿಯಲ್ಲಿರುವವರು ಹೋಟೆಲಿನಲ್ಲಿಯೂ ಹಸಿ ಮೀನನ್ನು ತಿನ್ನಬಾರದು.

ಮರು ಉತ್ತರ: ನಾಪೋಕ್ಲು ಕಡೆಯ ಬೆಳೆಗಾರ

ಎಲ್ಲರಿಗೂ ವಂದನೆಗಳು. ಹೆಂಡತಿಗೆ ಓದಿ ಹೇಳಿದೆ. ಮೊಟ್ಟೆಯ ಸುಶಿಯಿಂದ ಆರಂಭಿಸಲು ಒಪ್ಪಿದ್ದಾಳೆ. ಅವಳ ಅಕ್ಕ ಜೊತೆಗೆ ಬಂದು ಚಹಾ, ಹಣ್ಣು ಮಾತ್ರ ತೆಗೆದುಕೊಳ್ಳುವುದಾಗಿ ಹೇಳಿದ್ದಾರೆ. ಯಾವ ಹೊತ್ತಿಗೆ ಹೋದರೆ ಒಳ್ಳೆಯದು?

ಉತ್ತರ 1ರವರಿಂದ

ಶನಿವಾರ, ಭಾನುವಾರಗಳ ಸಂಜೆ ಬೇಡ, ಬಹಳ ಹೊತ್ತು ಕಾಯಬೇಕಾಗುತ್ತದೆ. ವಾರದ ದಿನಗಳಲ್ಲಿ ಮಧ್ಯಾಹ್ನ ಎರಡೂವರೆಯ ಮೇಲೆ ಹೋಗಿ, ಬಾಗಿಲ ಬಳಿಯ ಯಂತ್ರದಿಂದ ಸಂಖ್ಯೆಯ ಚೀಟಿ ತೆಗೆದುಕೊಳ್ಳಿರಿ. ಮಗನಿಗೆ ಕೌಂಟರ್ ಬೇಡ, ಮೇಜು ಬೇಕೆಂದು ಒತ್ತಲು ಹೇಳಿರಿ. ನಾಲ್ವರೂ ಎದುರುಬದುರು ಕುಳಿತು, ಸುಶಿ ತಿನ್ನುವವರು ಒಂದು ತಟ್ಟೆಯ ಎರಡು ತುಂಡುಗಳನ್ನು ಹಂಚಿಕೊಂಡು ರುಚಿ ನೋಡಬಹುದು.