ಐದು ಗಂಟೆಗೆ ಕಾರು ಓಡಿಸುವವರು ಯಾರು?

ಸುಬ್ಬಣ್ಣ ಮಾವ, ಡೊಂಬಿವಲಿ (ಮನೆಯವರ ಗುಂಪಿಗೆ ಹಾಕಿದ, ಬೇರೆಡೆಯಿಂದ ಬಂದ ಸಂದೇಶ): “ನಶೆ ಇಳಿಸುವ ಮನೆಮದ್ದು! ಉಪ್ಪು ಹಾಕಿದ ಲಿಂಬೆರಸ, ಹಾಲಿಲ್ಲದ ಕಾಫಿ, ತಣ್ಣೀರ ಸ್ನಾನ, ಬೆರಳು ಹಾಕಿ ವಾಂತಿ. ಅರ್ಧ ಗಂಟೆಯಲ್ಲಿ ತಲೆ ತಿಳಿಯಾಗುತ್ತದೆ. ಏಲಕ್ಕಿ ಅಗಿದರೆ ಪೊಲೀಸರ ಯಂತ್ರವೂ ಹಿಡಿಯದು. ಹತ್ತು ಜನರಿಗೆ ಕಳುಹಿಸಿ.”

ಸುಬ್ಬಣ್ಣ ಮಾವ: ಶನಿವಾರ ಗಟಾರಿ ಮಾಡಲು, ಅಂದರೆ ಶ್ರಾವಣ ಹಿಡಿಯುವ ಮುಂಚೆ ಕೊನೆಯದಾಗಿ ಕುಡಿಯಲು, ಘಾಟಿನ ಮೇಲಿನ ಲೋಣಾವಳಕ್ಕೆ ಹೋಗುವವರೆಲ್ಲ ಗಮನವಿಟ್ಟು ಓದಿ.

ದೊಡ್ಡಮ್ಮ: ನಮ್ಮ ಕಡೆ ಗಂಡನ ಆಯುಷ್ಯಕ್ಕೆಂದು ಭೀಮನ ಅಮಾವಾಸ್ಯೆಯ ವ್ರತ ಹಿಡಿಯುತ್ತೇವೆ. ಅದೇ ಅಮಾವಾಸ್ಯೆ ಇಲ್ಲಿ ಗಂಡಸರಿಗೆ ಗಟಾರಿ! ಮುಂಬಯಿಗೆ ಬಂದು ಇದನ್ನೊಂದು ಚೆನ್ನಾಗಿ ಕಲಿತಿರಿ.

ರಮೇಶ ಭಾವ: ಬಹಳ ಉಪಯುಕ್ತ ಮಾಹಿತಿ, ಮಾವ. ನನ್ನ ಯೋಜನೆಯೂ ಅದೇ. ರಾತ್ರಿ ಹನ್ನೆರಡಕ್ಕೆ ಕೊನೆಯ ಪೆಗ್. ಐದಕ್ಕೆ ಎದ್ದು ಸ್ನಾನ, ಕಡಕ್ ಕಾಫಿ. ಎಂಟರೊಳಗೆ ಮಗಳು ಚಿನ್ನುವನ್ನು ಮುಂಬಯಿಯ ಮುಲುಂಡಿನ ಪರೀಕ್ಷಾ ಕೇಂದ್ರಕ್ಕೆ ಮುಟ್ಟಿಸುತ್ತೇನೆ.

ವಿದ್ಯಾ: ಭಾವ, ಮುನಿಸಿಕೊಳ್ಳಬೇಡಿ, ಇದರಲ್ಲಿ ಉಪಯುಕ್ತವಾದದ್ದು ಒಂದಕ್ಷರವೂ ಇಲ್ಲ. ಮದ್ಯವನ್ನು ಕರಗಿಸುವುದು ಯಕೃತ್ತು. ಮೊದಲು ಅದನ್ನು ಅಸಿಟಾಲ್ಡಿಹೈಡ್ ಎಂಬ ವಿಷವಾಗಿಸಿ, ಆಮೇಲೆ ಅಸಿಟೇಟ್ ಮಾಡಿ ಸಾಗಿಸುತ್ತದೆ. ಈ ಕೆಲಸ ಮಾಡುವ ಕಿಣ್ವಗಳಿಗೆ ಒಂದು ಮಿತಿ ಇದೆ. ದಾದರಿನಲ್ಲಿ ಒಂದೇ ಟಿಕೆಟ್ ಕಿಟಕಿ ತೆರೆದಿದ್ದರೆ, ಸಾಲಿನಲ್ಲಿ ನಿಂತವರಿಗೆಲ್ಲ ಕಾಫಿ ಕುಡಿಸಿದ ಮಾತ್ರಕ್ಕೆ ಸಾಲು ಬೇಗ ಕರಗುತ್ತದೆಯೇ?

ರಮೇಶ ಭಾವ: ಕಾಫಿ ಕುಡಿದರೆ ನನಗೆ ಸ್ಪಷ್ಟವಾಗಿ ಎಚ್ಚರವಾಗುತ್ತದೆ. ಅನುಭವದ ಮಾತು.

ವಿದ್ಯಾ: ಎಚ್ಚರವಾಗುತ್ತದೆ, ಇಲ್ಲವೆನ್ನುವುದಿಲ್ಲ. ಕೆಫೀನು ನಿದ್ದೆಯ ಸೂಚನೆಯನ್ನು ತಡೆಯುತ್ತದೆ. ರಕ್ತದಲ್ಲಿರುವ ಮದ್ಯ ಎಷ್ಟಿತ್ತೋ ಅಷ್ಟೇ ಇರುತ್ತದೆ. ತೂಕಡಿಸುವ ಕುಡುಕ ಕಾರಿನ ಕಡೆ ಹೋಗುವುದಿಲ್ಲ, ಎಚ್ಚರವಾಗಿರುವವನು ಹೋಗುತ್ತಾನೆ. ನನಗೆ ಹೆದರಿಕೆ ಎರಡನೆಯವನದೇ.

ಶ್ರೀಧರ, ಪುಣೆ: ವಿದ್ಯಾ, ಲೆಕ್ಕ ಹಾಕಿ ತೋರಿಸಿಬಿಡು. ಭಾವ ಇಂಜಿನಿಯರು, ಅಂಕಿ ಕಂಡರೆ ಒಪ್ಪುತ್ತಾರೆ.

ವಿದ್ಯಾ: ಕಳೆದ ಗಟಾರಿಗೆ ಭಾವ ಐದು ದೊಡ್ಡ ಪೆಗ್ ಮುಗಿಸಿದರೆಂದು ಅಕ್ಕನೇ ಹೇಳಿದ್ದಳು. ಅಂದರೆ 300 ಮಿಲಿ ವಿಸ್ಕಿ. ಬಾಟಲಿಯ ಮೇಲೆ 42.8 ಶೇಕಡಾ ಎಂದು ಬರೆದಿರುತ್ತದೆ, ಓದುವವರು ಯಾರೂ ಇಲ್ಲ. ಅದರಲ್ಲಿ ಶುದ್ಧ ಮದ್ಯ ಸುಮಾರು 100 ಗ್ರಾಂ. ಎಪ್ಪತ್ತೈದು ಕಿಲೋ ತೂಕದ ಗಂಡಸಿನಲ್ಲಿ ಅಷ್ಟೂ ಹರಡಿದರೆ 100 ಮಿಲಿ ರಕ್ತಕ್ಕೆ 200 ಮಿಲಿಗ್ರಾಂ ಹತ್ತಿರ. ಗಂಟೆಗೆ ಇಳಿಯುವುದು ಸುಮಾರು 15. ರಾತ್ರಿ ಎಂಟಕ್ಕೆ ಶುರು ಮಾಡಿದಿರಿ ಎಂದಿಟ್ಟುಕೊಂಡು ಬೆಳಗಿನ ಐದರವರೆಗೆ ಒಂಬತ್ತು ಗಂಟೆ ಎಣಿಸಿ. ಇಳಿದದ್ದು 135. ಉಳಿದದ್ದು 65. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 30.

ರಮೇಶ ಭಾವ: ಎಲ್ಲರಿಗೂ ಒಂದೇ ವೇಗವೇ? ನನಗಂತೂ ಏರುವುದೇ ಇಲ್ಲ.

ವಿದ್ಯಾ: ಒಂದೇ ಅಲ್ಲ. ಕೆಲವರಲ್ಲಿ ಗಂಟೆಗೆ ಹತ್ತೇ ಇಳಿಯುತ್ತದೆ, ಕೆಲವರಲ್ಲಿ ಇಪ್ಪತ್ತು. ಇಪ್ಪತ್ತೇ ಎಂದುಕೊಂಡರೂ ಐದಕ್ಕೆ 20 ಉಳಿದಿರುತ್ತದೆ. ಹತ್ತಾದರೆ 110. ಮಗಳನ್ನು ಕೂರಿಸಿಕೊಂಡು ಹೋಗುವಾಗ ನಿಮ್ಮದು ಯಾವುದೆಂದು ಹೇಗೆ ತಿಳಿಯುತ್ತೀರಿ? ಇನ್ನು ಏರುವುದಿಲ್ಲ ಎನ್ನುವುದು ಮಿದುಳಿಗೆ ಆದ ರೂಢಿ. ರೂಢಿಯಾದವರು ತೊದಲುವುದಿಲ್ಲ, ತೂರಾಡುವುದಿಲ್ಲ. ಆದರೆ ಮಂಜಿನಲ್ಲಿ ಮುಂದಿನ ಟ್ರಕ್ಕು ಬ್ರೇಕ್ ಹಾಕಿದಾಗ ಕಾಲು ತಡವಾಗಿಯೇ ಇಳಿಯುತ್ತದೆ. ಖಂಡಾಲದ ಘಾಟು, ಆಷಾಢದ ಮಳೆ. ಇನ್ನೇನು ಹೇಳಲಿ?

ಸುಬ್ಬಣ್ಣ ಮಾವ: ಲಿಂಬೆನೀರು ಕುಡಿದು ಎದ್ದು ಕುಳಿತವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿನ್ನ ಪ್ರಯೋಗಾಲಯ ಮೊನ್ನೆ ಮೊನ್ನೆಯದು, ತಾಯಿ.

ವಿದ್ಯಾ: ಮಾವ, ಅದರಿಂದ ಬಾಯಾರಿಕೆ ತಣಿಯುತ್ತದೆ, ಅಷ್ಟೇ. ಮೂತ್ರವನ್ನು ತಡೆಹಿಡಿಯುವ ಹಾರ್ಮೋನನ್ನು ಮದ್ಯ ಅಡಗಿಸುತ್ತದೆ. ಅದಕ್ಕೇ ಪಾರ್ಟಿಯಲ್ಲಿ ಎಲ್ಲರೂ ಹಿತ್ತಲಿಗೆ ಓಡುವುದು, ಬೆಳಿಗ್ಗೆ ನಾಲಿಗೆ ಒಣಗುವುದು. ಕುಡಿದ ರಾತ್ರಿ ನೀರು ಕೊಡಿ, ಖಂಡಿತ ಕೊಡಿ. ಅದು ರಕ್ತವನ್ನು ತೊಳೆಯುವುದಿಲ್ಲ. ಏಲಕ್ಕಿ ಬಾಯಿಯ ವಾಸನೆಗೆ. ಯಂತ್ರ ಅಳೆಯುವುದು ಶ್ವಾಸಕೋಶದ ಆಳದಿಂದ ಬರುವ ಗಾಳಿಯನ್ನು, ಅಲ್ಲಿಗೆ ಮದ್ಯ ಬರುವುದು ರಕ್ತದಿಂದಲೇ. ವಾಂತಿ ಮಾಡಿಸುವುದಂತೂ ಬೇಡವೇ ಬೇಡ. ಕರುಳಿಗೆ ಇಳಿದದ್ದು ಹೊರಗೆ ಬರುವುದಿಲ್ಲ, ಅರೆಪ್ರಜ್ಞೆಯಲ್ಲಿ ವಾಂತಿ ಶ್ವಾಸನಾಳಕ್ಕೆ ಹೋದರೆ ಜೀವಕ್ಕೇ ಕುತ್ತು. ಅಂಥವರನ್ನು ಅಂಗಾತ ಮಲಗಿಸದೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಜೊತೆಗೆ ಒಬ್ಬರು ಕುಳಿತಿರಿ. ಎಬ್ಬಿಸಿದರೂ ಏಳದಿದ್ದರೆ ಆಸ್ಪತ್ರೆಗೆ ಒಯ್ಯಿರಿ.

ವಿದ್ಯಾ: ಮಾವ, ಬೈದರೂ ಸರಿ, ಇದನ್ನೂ ಹೇಳುತ್ತೇನೆ. ನೀವು ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತೀರಿ, ಅದು ರಕ್ತದ ಸಕ್ಕರೆ ಇಳಿಸುತ್ತದೆ. ಹೊಟ್ಟೆ ಖಾಲಿಯಾದಾಗ ರಕ್ತಕ್ಕೆ ಸಕ್ಕರೆ ಒದಗಿಸುವುದೂ ಅದೇ ಯಕೃತ್ತು. ಮದ್ಯ ಕರಗಿಸುವಾಗ ಹೊಸ ಸಕ್ಕರೆ ತಯಾರಿಸುವ ಕೆಲಸ ಕುಂಟುತ್ತದೆ. ಎರಡು ಪೆಗ್ ಹಾಕಿ, ನಾಲ್ಕು ಶೇಂಗಾ ತಿಂದು, ಊಟ ಬಿಟ್ಟು ಮಲಗುವುದು ನಿಮ್ಮ ಪದ್ಧತಿ. ನಡುರಾತ್ರಿ ಸಕ್ಕರೆ ಕುಸಿದರೆ ಬೆವರು, ತೊದಲು, ತಡಬಡಿಕೆ. ನೋಡಿದವರು ‘ಮಾವನಿಗೆ ಜಾಸ್ತಿಯಾಗಿದೆ, ಮಲಗಲಿ ಬಿಡಿ’ ಎಂದುಬಿಡುತ್ತಾರೆ. ಅತ್ತೆ, ಗ್ಲೂಕೋಮೀಟರು ನಿಮ್ಮ ಚೀಲದಲ್ಲಿರಲಿ.

ಸುಬ್ಬಣ್ಣ ಮಾವ: ಸಂದೇಶ ಹಾಕಿದ್ದೇ ತಪ್ಪಾಯಿತು.

ಅತ್ತೆ: ಹಾಕಿದ್ದು ಒಳ್ಳೆಯದೇ ಆಯಿತು. ಗ್ಲೂಕೋಮೀಟರು ಇಟ್ಟುಕೊಂಡೆ. ಭಾಕರಿ, ಝುಣಕ ಎಂಟಕ್ಕೇ ಬಡಿಸುತ್ತೇನೆ. ಉಣ್ಣದವರಿಗೆ ಗ್ಲಾಸಿಲ್ಲ.

ಶ್ರೀಧರ: ಹೋಗಲಿ ಬಿಡಿ, ಆಮೇಲೆ ಶ್ರಾವಣ ಪೂರ್ತಿ ಯಾರೂ ಮುಟ್ಟುವುದಿಲ್ಲವಲ್ಲ. ಯಕೃತ್ತಿಗೂ ತಿಂಗಳ ರಜೆ.

ದೊಡ್ಡಮ್ಮ: ನಮ್ಮ ಕೆಳಗಿನ ಮನೆಯವರು ಹಾಗೇ ಶ್ರಾವಣಕ್ಕೆಂದು ಒಮ್ಮೆಲೇ ಬಿಟ್ಟರು. ಮೂರನೇ ದಿನ ಕೈ ನಡುಗಿ, ಗೋಡೆಯ ಮೇಲೆ ಹುಳು ಹರಿಯುತ್ತಿವೆ ಎಂದು ಕೂಗಾಡಿದರು. ಯಾರೋ ಮಾಟ ಮಾಡಿಸಿದ್ದಾರೆಂದು ಅವರ ತಾಯಿ ತಾಯತ ಕಟ್ಟಿಸಲು ಹೊರಟಿದ್ದರು.

ವಿದ್ಯಾ: ಮಾಟ ಅಲ್ಲ, ದೊಡ್ಡಮ್ಮ. ನಿತ್ಯ ಬಹಳ ಕುಡಿಯುವವರ ಮಿದುಳು ಮದ್ಯದ ಮಂಪರಿಗೆ ಎದುರಾಗಿ ಸದಾ ಬಿಗಿದುಕೊಂಡಿರುತ್ತದೆ. ಮದ್ಯ ಥಟ್ಟನೆ ನಿಂತರೆ ಆ ಬಿಗಿತವೊಂದೇ ಉಳಿಯುತ್ತದೆ. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಈ ಭ್ರಮೆ ಕಾಣಿಸಿಕೊಳ್ಳಬಹುದು. ಪ್ರಾಣವೂ ಹೋಗಬಹುದು. ಅಂಥವರು ವೈದ್ಯರ ಕಣ್ಣಳತೆಯಲ್ಲೇ, ಔಷಧಿ ಮತ್ತು ಥಯಾಮಿನ್ (ಬಿ1 ವಿಟಮಿನ್) ತೆಗೆದುಕೊಂಡು ಬಿಡಬೇಕು. ನಮ್ಮ ಭಾವನಂತೆ ತಿಂಗಳಿಗೊಮ್ಮೆ ಕುಡಿಯುವವರಿಗೆ ಈ ಮಾತಲ್ಲ.

ರಮೇಶ ಭಾವ: ಕೊನೆಗೂ ಒಂದು ಪ್ರಮಾಣಪತ್ರ ಸಿಕ್ಕಿತು! ಸರಿ, ಮೂರು ದೊಡ್ಡದಕ್ಕೆ ನಿಲ್ಲಿಸಿದರೆ?

ವಿದ್ಯಾ: ಗಂಟೆಗೆ 15ರ ಲೆಕ್ಕದಲ್ಲಿ ಸೊನ್ನೆ ಬರುತ್ತದೆ, ಹತ್ತರ ಲೆಕ್ಕದಲ್ಲಿ ಐದಕ್ಕೆ ಇನ್ನೂ 30 ಉಳಿಯುತ್ತದೆ. ನಾಲ್ಕನೆಯದನ್ನು ಬೇಡವೆನ್ನಬೇಕಾದ ತಲೆಗೆ ಅಷ್ಟರಲ್ಲಿ ಮೂರು ಏರಿರುತ್ತದೆ. ಅದಕ್ಕೆ ಸೂತ್ರವಿಲ್ಲ.

ಅಕ್ಕ: ಚರ್ಚೆ ಸಾಕು. ಎಷ್ಟಾದರೂ ಕುಡಿಯಲಿ, ಕಾರಿನ ಕೀಲಿ ಶನಿವಾರ ಸಂಜೆಯಿಂದಲೇ ನನ್ನ ಹತ್ತಿರ ಇರುತ್ತದೆ. ಚಿನ್ನು ಮುಂದೆ ಕೂರುತ್ತಾಳೆ. ಇವರು ಹಿಂದೆ ಮಲಗಿಕೊಂಡು ಬರಲಿ.

ರಮೇಶ ಭಾವ: ಘಾಟು ಇಳಿಯುವಾಗ ನೀನು ನಾಲ್ಕನೇ ಗೇರಿನಲ್ಲೇ ಬಿಡುತ್ತೀಯ. ಬ್ರೇಕ್ ಸುಟ್ಟ ವಾಸನೆ ಬರುತ್ತದೆ.

ಅಕ್ಕ: ಈ ಸಲ ಎರಡನೆಯದರಲ್ಲಿ ಇಳಿಸುತ್ತೇನೆ. ನಿಮಗೆ ಎಚ್ಚರವಿದ್ದರೆ ಎಣಿಸಿಕೊಳ್ಳಿ.