1966ರ ಮಸ್ಟಾಂಗ್ ನೋಡೋಕೆ ಹೋಗ್ತಿದ್ದೀನಿ, ಏನೇನು ಪರೀಕ್ಷೆ ಮಾಡಬೇಕು?

ಮಿಶಿಗನ್_ಮಂಜು

ಎಲ್ಲರಿಗೂ ನಮಸ್ಕಾರ. ಡಿಟ್ರಾಯ್ಟ್ ಹತ್ತಿರ 1966ರ ಫೋರ್ಡ್ ಮಸ್ಟಾಂಗ್ ಹಾರ್ಡ್‌ಟಾಪ್ ಒಂದು ಮಾರಾಟಕ್ಕಿದೆ. ಜಾಹೀರಾತಿನಲ್ಲಿ ಇರೋದು ಇಷ್ಟು: 289 ಕ್ಯೂಬಿಕ್ ಇಂಚಿನ ವಿ-8 ಎಂಜಿನ್, ಸಿ4 ಆಟೋಮ್ಯಾಟಿಕ್ ಗೇರ್‌ಬಾಕ್ಸ್, ನಾಲ್ಕೂ ಕಡೆ ಡ್ರಮ್ ಬ್ರೇಕ್, ಕ್ಯಾಲಿಫೋರ್ನಿಯಾ ಗಾಡಿ, ‘ಫ್ರೇಮ್ ಆಫ್ ರೆಸ್ಟೊರೇಷನ್’ (ಬಾಡಿಯನ್ನ ಫ್ರೇಮಿನಿಂದ ಕಳಚಿ ಮಾಡೋ ರಿಪೇರಿ), ಹೊಸ ಪೇಂಟ್. ವಿನ್ (ಗಾಡಿಯ ಗುರುತಿನ) ನಂಬರ್ 6ಆರ್07ಟಿ ಅಂತ ಶುರುವಾಗುತ್ತೆ. ಫೋಟೋದಲ್ಲಿ ಚಕ್ರಕ್ಕೆ ನಾಲ್ಕು ನಟ್ ಕಾಣ್ತಿವೆ. ಬೇಸಿಗೆಯಲ್ಲಿ ಓಡಿಸಿ ಚಳಿಗಾಲಕ್ಕೆ ಮುಚ್ಚಿಡೋ ಯೋಚನೆ. ಆಯಿಲ್ ಬದಲಾಯಿಸೋದು, ಬ್ರೇಕ್ ಕೆಲಸ ಬರುತ್ತೆ. ಕಾರ್ಬ್ಯುರೇಟರ್, ಪಾಯಿಂಟ್ಸ್ (ಹಳೇ ಇಗ್ನಿಷನ್ನಿನ ಕಿಡಿ ಸ್ವಿಚ್) ಮುಟ್ಟಿ ಗೊತ್ತಿಲ್ಲ. ನೋಡುವಾಗ ಎಲ್ಲಿ ಕಣ್ಣಿಡಬೇಕು, ಕೊಂಡ ಮೇಲೆ ಮೊದಲು ಏನು ಮಾಡಬೇಕು?

ಹಳೇ_ಡಿಟ್ರಾಯ್ಟ್

ಮಂಜು ಅವರೇ, ಉತ್ತರದ ಅರ್ಧ ನಿಮ್ಮ ಪ್ರಶ್ನೆಯಲ್ಲೇ ಇದೆ. ವಿನ್ ಬಿಡಿಸಿ ನೋಡಿ: 6 ಅಂದರೆ 1966, ಆರ್ ಅಂದರೆ ಸ್ಯಾನ್ ಹೋಸೆ ಕಾರ್ಖಾನೆ, 07 ಹಾರ್ಡ್‌ಟಾಪ್. ಕೊನೆಯ ಟಿ ಅಕ್ಷರ 200 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್ ಎಂಜಿನ್ನಿನದು. ಆ ವರ್ಷ 289 ಹಾಕಿ ಕಳಿಸಿದ ಗಾಡಿಗಳಿಗೆ ಅಲ್ಲಿ ಸಿ (ಎರಡು ಬ್ಯಾರೆಲ್, 200 ಅಶ್ವಶಕ್ತಿ), ಎ (ನಾಲ್ಕು ಬ್ಯಾರೆಲ್, 225) ಅಥವಾ ಕೆ (271) ಇರಬೇಕು. ಅಂದರೆ ಈ ಗಾಡಿಗೆ ವಿ-8 ಆಮೇಲೆ ಕೂರಿಸಿದ್ದು. ನಾಲ್ಕು ನಟ್ ಕೂಡ ಅದನ್ನೇ ಹೇಳುತ್ತಿದೆ. ವಿ-8 ಗಾಡಿಗೆ ಐದು.

ಎಂಜಿನ್ ಬದಲಾಯಿಸಿದ್ದೇ ತಪ್ಪಲ್ಲ, ಎಷ್ಟೋ ಜನ ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಎಂಜಿನ್ ಮಾತ್ರ ಬದಲಾಯಿಸಿ ಉಳಿದದ್ದನ್ನು ಹಾಗೇ ಬಿಟ್ಟರೆ ಅಪಾಯ. ಆರು ಸಿಲಿಂಡರಿನ ಗಾಡಿಗೆ ಬರುತ್ತಿದ್ದದ್ದು 9 ಇಂಚಿನ ಡ್ರಮ್, ವಿ-8ಗೆ 10 ಇಂಚು. ಮುಂದಿನ ಸ್ಪ್ರಿಂಗ್, ಸ್ಪಿಂಡಲ್, ಸ್ಟೀರಿಂಗ್ ಲಿಂಕೇಜ್, ರೇಡಿಯೇಟರ್ ಎಲ್ಲವೂ ಹಗುರದವು. ಹಿಂದಿನ ಆಕ್ಸಲ್ ಕೆಳಗೆ ಬಗ್ಗಿ ನೋಡಿ. ಹಿಂಬದಿಯಲ್ಲಿ ಬೋಲ್ಟ್ ಹಾಕಿದ ಮುಚ್ಚಳ ಇದ್ದರೆ ಅದು ಆರು ಸಿಲಿಂಡರಿನ 7.25 ಇಂಚಿನದು, ವಿ-8ನ ಎಳೆತ ಅದಕ್ಕೆ ಹೆಚ್ಚು ಕಾಲ ತಡೆಯುವುದಿಲ್ಲ. ವಿ-8ಗೆ ಕೊಡುತ್ತಿದ್ದ 8 ಇಂಚಿನದರಲ್ಲಿ ಹಿಂದೆ ಮುಚ್ಚಳವಿಲ್ಲ, ಗೇರ್ ಮುಂದಿನಿಂದ ಬಿಚ್ಚಿ ಬರುತ್ತದೆ. ನಾಲ್ಕು ನಟ್ ಈಗಲೂ ಇದೆ ಎಂದಮೇಲೆ ಇದೆಲ್ಲ ಹಳೆಯದೇ ಇರಬಹುದು. ಹಾಗಿದ್ದರೆ ಬ್ರೇಕ್, ಆಕ್ಸಲ್, ಮುಂಭಾಗದ ಖರ್ಚು ಲೆಕ್ಕ ಹಾಕಿ, ಆರು ಸಿಲಿಂಡರ್ ಗಾಡಿಯ ಬೆಲೆಯಿಂದ ಚೌಕಾಸಿ ಶುರುಮಾಡಿ.

ಎಂಜಿನ್ 289 ಎನ್ನುವುದನ್ನೂ ಬಾಯಿ ಮಾತಲ್ಲಿ ನಂಬಬೇಡಿ. 1968ರಲ್ಲಿ ಬಂದ 302 ಹೊರಗಿನಿಂದ ಹಾಗೆಯೇ ಕಾಣುತ್ತದೆ. ಪ್ಯಾಸೆಂಜರ್ ಕಡೆ ಸ್ಟಾರ್ಟರ್ ಮೇಲ್ಭಾಗದಲ್ಲಿ ಬ್ಲಾಕಿನ ಎರಕದ ನಂಬರ್ ಇರುತ್ತದೆ. ಸಿ5, ಸಿ6 ಎಂದು ಶುರುವಾದರೆ ಅರವತ್ತರ ದಶಕದ ವಿನ್ಯಾಸ, ಡಿ ಎಂದರೆ ಎಪ್ಪತ್ತರದು.

ಇನ್ನು ವಿನ್ ಓದಬೇಕಾದದ್ದು ಬಾಗಿಲಿನ ತಗಡಿನ ಮೇಲಲ್ಲ, ಆ ತಗಡು ಹೊಸದಾಗಿ ಅಚ್ಚು ಹಾಕಿಸಿದರೂ ಸಿಗುತ್ತದೆ. ಬಾನೆಟ್ ಎತ್ತಿ, ಡ್ರೈವರ್ ಕಡೆಯ ಒಳ ಫೆಂಡರಿನ ಮೇಲೆ ಕೆತ್ತಿದ ನಂಬರ್ ಓದಿ, ಟೈಟಲ್ (ಮಾಲೀಕತ್ವದ) ಕಾಗದದ ಜೊತೆ ಅಕ್ಷರ ಅಕ್ಷರ ಹೋಲಿಸಿ. ತಾಳೆಯಾಗದಿದ್ದರೆ ಬೆಲೆ ಎಷ್ಟೇ ಇರಲಿ, ವಾಪಸ್ ಬನ್ನಿ.

ಅಂದಹಾಗೆ, ಈ ಮಸ್ಟಾಂಗಿಗೆ ಬೇರೆ ಫ್ರೇಮೇ ಇಲ್ಲ, ಬಾಡಿಯೇ ಚಾಸಿ. ‘ಫ್ರೇಮ್ ಆಫ್’ ಏನು ಮಾಡಿದರೋ ಮಾರುವವರನ್ನೇ ಕೇಳಿ.

ಗ್ರೀಸ್‌ಗನ್

ಮೇಲೆ ಹೇಳಿದ್ದಕ್ಕೆ ನನ್ನದೂ ಹೂಂ. ಆದ್ರೆ ಎಂಜಿನ್ ಚಿಂತೆ ಎರಡನೇದು ಗುರುಗಳೇ, ಮೊದಲು ತುಕ್ಕು ನೋಡಿ. ಎಂಜಿನ್ ಪಾರ್ಟ್ಸ್ ಇವತ್ತಿಗೂ ಧಾರಾಳವಾಗಿ ಸಿಗುತ್ತೆ, ವೆಲ್ಡಿಂಗ್ ಕೂಲಿಯೇ ದುಬಾರಿ.

ಈ ಮಾಡೆಲ್‌ನ ದೊಡ್ಡ ರೋಗ ಕೌಲ್. ವಿಂಡ್‌ಶೀಲ್ಡ್ ಮುಂದೆ ಗಾಳಿ ಹೋಗೋ ಸಂದುಗಳಿವೆಯಲ್ಲ, ಅದರ ಕೆಳಗಿನ ಪೆಟ್ಟಿಗೆ. ಎಲೆ, ಮಣ್ಣು ತುಂಬಿ, ಒಳಗೆ ಗಾಳಿದಾರಿಯ ಸುತ್ತ ಇರೋ ಕಾಲರ್ ತುಕ್ಕು ಹಿಡಿದು ತೂತಾಗುತ್ತೆ, ನೀರು ನೇರ ಕಾಲ ಬುಡಕ್ಕೆ ಇಳಿಯುತ್ತೆ. ಎಷ್ಟೇ ಫ್ಲೋರ್ ಹೊಸದು ಹಾಕಿದ್ರೂ ಕೌಲ್ ಸರಿಯಿಲ್ಲದಿದ್ರೆ ಅದೂ ಕೊಳೆಯುತ್ತೆ. ಪರೀಕ್ಷೆ ಸುಲಭ: ಮುಂದಿನ ಕಾರ್ಪೆಟ್ ಎತ್ತಿ, ಎಡಕ್ಕೆ ಒಂದು ಸಲ ಬಲಕ್ಕೆ ಒಂದು ಸಲ ಸಂದುಗಳಿಗೆ ನಿಧಾನವಾಗಿ ನೀರು ಸುರಿಯಿರಿ, ಒಬ್ಬರು ಟಾರ್ಚ್ ಹಿಡಿದು ಡ್ಯಾಶ್ ಕೆಳಗೆ ನೋಡ್ಲಿ. ನೀರು ಫೆಂಡರ್ ಹಿಂಭಾಗದಿಂದ ನೆಲಕ್ಕೆ ಬೀಳಬೇಕು, ಒಳಗೆ ಒಂದು ಹನಿಯೂ ಬರಬಾರದು. ಮಾರೋರು ನೀರು ಹಾಕೋಕೆ ಬಿಡಲ್ಲ ಅಂದ್ರೆ ಉತ್ತರ ಸಿಕ್ಕಿತು ಅಂದ್ಕೊಳ್ಳಿ. ರಿಪೇರಿಗೆ ಬಾನೆಟ್, ಫೆಂಡರ್ ಬಿಚ್ಚಿ, ನೂರಕ್ಕೂ ಹೆಚ್ಚು ಸ್ಪಾಟ್ ವೆಲ್ಡ್ ಕೊರೆದು ಮೇಲಿನ ತಗಡು ಎತ್ತಬೇಕು. ಪ್ಲಾಸ್ಟಿಕ್ ಕಾಲರ್ ಅಂಟಿಸಿ ಸೀಲಂಟ್ ಮೆತ್ತೋದು ತಾತ್ಕಾಲಿಕ.

ಆಮೇಲೆ ಈ ಜಾಗಗಳು: ಬ್ಯಾಟರಿ ಕೆಳಗಿನ ಏಪ್ರನ್ ತಗಡು (ಆಸಿಡ್ ಸೋರಿ ತಿಂದಿರುತ್ತೆ), ಬಾಗಿಲ ಮುಂಭಾಗದ ಕೆಳಗೆ ರೈಲ್ (ತಳದ ಉದ್ದ ತೊಲೆ) ಮತ್ತು ರಾಕರ್ (ಬಾಗಿಲ ಹೊಸ್ತಿಲು) ಸೇರೋ ಟಾರ್ಕ್ ಬಾಕ್ಸ್, ಹಿಂದಿನ ಸ್ಪ್ರಿಂಗ್ ಹಿಡಿಯೋ ರೈಲ್ ತುದಿ. ಡಿಕ್ಕಿ ಮ್ಯಾಟ್ ಎತ್ತಿ ನೋಡಿ. ಅಲ್ಲಿ 16 ಗ್ಯಾಲನ್ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ, ಅದಕ್ಕೇ ತುಕ್ಕು ಹತ್ತಿದ್ರೆ ಪೆಟ್ರೋಲ್ ವಾಸನೆ ಒಳಗೆ. ಎಂಜಿನ್ ಎರಡು ಪಕ್ಕದ ಶಾಕ್ ಟವರ್‌ಗಳಲ್ಲಿ ಬಿರುಕು ಇದೆಯಾ ನೋಡಿ. ಮುಂದಿನ ಸ್ಪ್ರಿಂಗ್ ಭಾರವೆಲ್ಲ ಅಲ್ಲೇ ಬೀಳೋದು, ಭಾರದ ವಿ-8 ಆಮೇಲೆ ಇಳಿಸಿದ ಗಾಡಿಯಲ್ಲಿ ಇನ್ನೂ ಹುಷಾರು. ಚಿಕ್ಕ ಆಯಸ್ಕಾಂತ ಬಟ್ಟೆಯಲ್ಲಿ ಸುತ್ತಿ ಹಿಂದಿನ ಫೆಂಡರ್ ಕೆಳಭಾಗಕ್ಕೆ, ಬಾಗಿಲ ಬುಡಕ್ಕೆ ಹಿಡಿಯಿರಿ. ಹಿಡಿಯದ ಕಡೆ ಒಳಗಿರೋದು ಪುಟ್ಟಿ. ಹೊಸ ಪೇಂಟ್ ಅಂದ ಕೂಡ್ಲೇ ಖುಷಿಪಡೋ ಬದಲು ಅನುಮಾನಪಡಬೇಕು.

ಕಾರ್ಬ್_ಭಟ್ರು

ಕೊಂಡ ಮೇಲೆ ಏನು ಎಂಬುದಕ್ಕೆ: ಮೊದಲು ನಿಲ್ಲೋದು, ಆಮೇಲೆ ಓಡೋದು. 1966ರ ಮಸ್ಟಾಂಗಿನಲ್ಲಿ ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಬ್ರೇಕ್ ಫ್ಲೂಯಿಡ್ ತಳ್ಳುವ ಭಾಗ) ಒಂದೇ ಸರ್ಕ್ಯೂಟ್. ಒಂದು ಹೋಸ್ ಒಡೆದರೂ ಪೆಡಲ್ ನೆಲಕ್ಕೆ, ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಇಲ್ಲ. 1967ರ ನಂತರದ ಎರಡು ಬೌಲಿನ ಮಾಸ್ಟರ್ ಸಿಲಿಂಡರ್, ಡ್ರಮ್-ಡ್ರಮ್ ಗಾಡಿಯದ್ದೇ ಆರಿಸಿ ಹಾಕಿ. ಮುಂದೆ ಡಿಸ್ಕ್ ಹಾಕುವ ಯೋಚನೆಯಿದ್ದರೆ ಈಗಲೇ ನಿರ್ಧರಿಸಿ, ಏಕೆಂದರೆ ಡಿಸ್ಕಿನ ಮಾಸ್ಟರ್ ಬೇರೆ, ಹಿಂದಕ್ಕೆ ಒತ್ತಡ ತಗ್ಗಿಸುವ ಪ್ರೊಪೋರ್ಷನಿಂಗ್ ವಾಲ್ವ್ ಬೇಕು. ಮುಂದೆ ಎರಡು, ಹಿಂದೆ ಒಂದು ಇರುವ ರಬ್ಬರ್ ಹೋಸ್ ಮೂರೂ ಬದಲಾಯಿಸಿ. ಮಾಸ್ಟರನ್ನು ಗಾಡಿಗೆ ಹಾಕುವ ಮೊದಲು ಬೆಂಚಿನ ಮೇಲೇ ಗಾಳಿ ತೆಗೆಯಿರಿ, ಇಲ್ಲದಿದ್ದರೆ ಎಷ್ಟು ಬ್ಲೀಡ್ ಮಾಡಿದರೂ ಪೆಡಲ್ ಮೆತ್ತಗೇ ಇರುತ್ತದೆ. ಫ್ಲೂಯಿಡ್ ಡಾಟ್ 3, ಎರಡು ವರ್ಷಕ್ಕೊಮ್ಮೆ ಹೊಸದು.

ಪೆಟ್ರೋಲ್: ಪಂಪಿನಲ್ಲಿ ಸಿಗುವುದರಲ್ಲಿ ಸಾಮಾನ್ಯವಾಗಿ ಶೇ. 10ರಷ್ಟು ಎಥನಾಲ್. ಹಳೆಯ ರಬ್ಬರ್ ಅದಕ್ಕೆ ಮೆತ್ತಗಾಗಿ ಸೋರುತ್ತದೆ, ಬಿಸಿ ಎಂಜಿನ್ ಮೇಲೆ ಸೋರಿದರೆ ಬೆಂಕಿ. ಎಲ್ಲ ರಬ್ಬರ್ ತುಂಡುಗಳನ್ನೂ ಎಥನಾಲ್ ತಡೆಯುವ ಇಂಜೆಕ್ಷನ್ ದರ್ಜೆಯ ಹೋಸಿಗೆ ಬದಲಾಯಿಸಿ. ಕಾರ್ಬ್ಯುರೇಟರ್ ಆಟೋಲೈಟ್ 2100 ಆಗಿದ್ದರೆ ಅದೃಷ್ಟ, ಅಷ್ಟು ಸರಳವಾದದ್ದು ಕಡಿಮೆ. ಎಂಜಿನ್ ಆಫ್ ಇರುವಾಗ ಏರ್ ಕ್ಲೀನರ್ ತೆಗೆದು ಥ್ರಾಟಲ್ ಒತ್ತಿ ನೋಡಿ: ಎರಡು ಸಣ್ಣ ಧಾರೆ ಚಿಮ್ಮಬೇಕು. ಚಿಮ್ಮದಿದ್ದರೆ ಆಕ್ಸಿಲರೇಟರ್ ಪಂಪಿನ ಡಯಾಫ್ರಾಮ್ ಹರಿದಿದೆ. ಸಿಗ್ನಲ್ ಬಿಟ್ಟು ಹೊರಡುವಾಗ ಗಾಡಿ ಮುಗ್ಗರಿಸುವುದು ಬಹುಪಾಲು ಇದರಿಂದಲೇ. ರಿಪೇರಿ ಕಿಟ್ ಒಂದರಲ್ಲಿ ಮುಗಿಯುತ್ತದೆ.

ಇಗ್ನಿಷನ್: 289ಕ್ಕೆ ಪಾಯಿಂಟ್ ಗ್ಯಾಪ್ 0.017 ಇಂಚು, ಪ್ಲಗ್ ಗ್ಯಾಪ್ 0.034, ಟೈಮಿಂಗ್ ವ್ಯಾಕ್ಯೂಮ್ ಪೈಪ್ ಕಳಚಿ, ಪಿಸ್ಟನ್ ತುದಿ ಮುಟ್ಟುವುದಕ್ಕಿಂತ 6 ಡಿಗ್ರಿ ಮುಂಚೆ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-5-4-2-6-3-7-8. ಆದರೆ ಯಾರೋ 1980ರ ದಶಕದ ಹೈ ಔಟ್‌ಪುಟ್ 5.0 ಲೀಟರ್ ಎಂಜಿನ್ ಇಳಿಸಿದ್ದರೆ ಅದು 1-3-7-2-6-5-4-8. ವೈರ್ ಕಳಚುವ ಮೊದಲು ಒಂದು ಫೋಟೋ ತೆಗೆದಿಡಿ.

ಆಯಿಲ್ ಫಿಲ್ಟರ್ ಸೇರಿ 5 ಕ್ವಾರ್ಟ್. ಈ ಕ್ಯಾಮಿನ (ವಾಲ್ವ್ ತೆರೆಯುವ ದಂಡ) ಟ್ಯಾಪೆಟ್‌ಗಳು ಚಪ್ಪಟೆ, ಉಜ್ಜಿಕೊಂಡೇ ತಿರುಗುವಂಥವು. ಈಗಿನ ಪೆಟ್ರೋಲ್ ಕಾರಿನ ತೆಳು ಆಯಿಲ್‌ಗಳಲ್ಲಿ ಸತು-ರಂಜಕದ ಅಂಶ ಕಡಿಮೆ ಮಾಡಿದ್ದಾರೆ, ಕ್ಯಾಮ್ ಸವೆಯುತ್ತದೆ. ಹಳೆಯ ಎಂಜಿನ್ನಿಗೆಂದೇ ಮಾಡಿದ, ಸತು 1,000 ಪಿಪಿಎಂಗಿಂತ ಹೆಚ್ಚಿರುವ 10ಡಬ್ಲ್ಯೂ-30 ಹಾಕಿ. ಜೊತೆಗೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಹಿಂದಕ್ಕೂ ಮುಂದಕ್ಕೂ ತಿರುಗಿಸಿ. ರೋಟರ್ ಅಲುಗುವ ಮುನ್ನ ಕ್ರ್ಯಾಂಕ್ ಹತ್ತು ಡಿಗ್ರಿಗೂ ಹೆಚ್ಚು ತಿರುಗಿದರೆ ಟೈಮಿಂಗ್ ಚೈನ್ ಸಡಿಲ. ಹಳೇ ಗೇರಿನಲ್ಲಿ ನೈಲಾನ್ ಹಲ್ಲುಗಳಿದ್ದರೆ ಅವು ಮುರಿದು ಆಯಿಲ್ ಪಂಪಿನ ಜಾಲರಿಗೆ ಅಡ್ಡ ಬೀಳುತ್ತವೆ. ಚೈನ್ ಬದಲಾಯಿಸುವಾಗ ಉಕ್ಕಿನ ಗೇರ್ ಹಾಕಿಸಿ.

ಮಿಶಿಗನ್_ಮಂಜು

ಟಿ ಅಕ್ಷರದ ವಿಷಯ ಗೊತ್ತೇ ಇರಲಿಲ್ಲ, ತುಂಬಾ ಉಪಕಾರ ಆಯ್ತು. ಇನ್ನೆರಡು: ಪಾಯಿಂಟ್ಸ್ ಬದಲು ಎಲೆಕ್ಟ್ರಾನಿಕ್ ಹಾಕೋದು ಒಳ್ಳೇದಾ? ಸಿ4 ಗೇರ್‌ಬಾಕ್ಸ್ ಹೇಗೆ ನೋಡೋದು?

ಹಳೇ_ಡಿಟ್ರಾಯ್ಟ್

ಹಾಕಿ, ಭಟ್ರಿಗೆ ಬೇಸರವಾದರೂ. ಆದರೆ ಫೋರ್ಡ್ ಕೀ ಸ್ವಿಚ್ಚಿನಿಂದ ಕಾಯಿಲಿಗೆ ಹೋಗುವ ಗುಲಾಬಿ ವೈರ್ ರೆಸಿಸ್ಟೆನ್ಸ್ ವೈರ್, ಓಡುವಾಗ ವೋಲ್ಟೇಜ್ ಇಳಿಸುತ್ತದೆ. ಎಲೆಕ್ಟ್ರಾನಿಕ್ ಮಾಡ್ಯೂಲಿನ ಕೆಂಪು ವೈರಿಗೆ ಪೂರ್ತಿ 12 ವೋಲ್ಟ್ ಬೇಕು, ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಬೇರೆ ಜಾಗದಿಂದ ಕೊಡಿ. ಎಂಜಿನ್ ನಿಂತಿರುವಾಗ ಕೀ ಆನ್ ಬಿಟ್ಟರೆ ಅಗ್ಗದ ಮಾಡ್ಯೂಲ್ ಸುಟ್ಟುಹೋಗುತ್ತದೆ.

ಸಿ4 ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಾಗ, ಪಾರ್ಕಿನಲ್ಲಿಟ್ಟು ಡಿಪ್‌ಸ್ಟಿಕ್ ನೋಡಿ. ಫ್ಲೂಯಿಡ್ ಟೈಪ್ ಎಫ್. ಸುಟ್ಟ ವಾಸನೆ, ಕಂದು ಬಣ್ಣ ಇದ್ದರೆ ಕ್ಲಚ್ ಹೋಗಿದೆ. ನೆಲದ ಮೇಲೆ ಸೋರಿಕೆಯಿಲ್ಲದೆ ಫ್ಲೂಯಿಡ್ ಕಡಿಮೆಯಾಗುತ್ತಾ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬಂದರೆ ವ್ಯಾಕ್ಯೂಮ್ ಮಾಡ್ಯುಲೇಟರಿನ (ಎಂಜಿನ್ನಿನ ನಿರ್ವಾತದಿಂದ ಗೇರ್ ಬದಲಾವಣೆ ಹೊಂದಿಸುವ ಭಾಗ) ಒಳಪೊರೆ ಹರಿದು ಎಂಜಿನ್ ಅದನ್ನು ಕುಡಿಯುತ್ತಿದೆ ಎಂದರ್ಥ. ಅದರ ವ್ಯಾಕ್ಯೂಮ್ ಪೈಪ್ ಕಳಚಿ, ಒಳಗೆ ಎಣ್ಣೆ ಇದೆಯಾ ನೋಡಿದರೆ ಸಾಕು; ಭಾಗ ಅಗ್ಗ, ಆದರೆ ಗೇರ್‌ಬಾಕ್ಸೇ ಹೋಯಿತು ಅಂತ ಹೆದರಿಸುವವರು ಇರುತ್ತಾರೆ. ಇನ್ನೊಂದು: 1966ರ ಲಿವರಿನಲ್ಲಿ ದೊಡ್ಡ ಚುಕ್ಕೆ, ಸಣ್ಣ ಚುಕ್ಕೆ ಎರಡಿವೆ. ಸಣ್ಣದರಲ್ಲಿ ಹಾಕಿದರೆ ಗಾಡಿ ಎರಡನೇ ಗೇರಿನಲ್ಲಿ ಹೊರಡುತ್ತದೆ. ಟೆಸ್ಟ್ ಡ್ರೈವಿನಲ್ಲಿ ‘ಎಳೆಯುತ್ತಲೇ ಇಲ್ಲ’ ಅನ್ನಿಸಿದರೆ ಮೊದಲು ಚುಕ್ಕೆ ನೋಡಿ.

ಗ್ರೀಸ್‌ಗನ್

ಚಳಿಗಾಲಕ್ಕೆ: ರಸ್ತೆಗೆ ಉಪ್ಪು ಬೀಳೋ ಮೊದಲೇ ಒಳಗೆ ನಿಲ್ಲಿಸಿ. ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದ ಹಾಗೆ ಸ್ಟೆಬಿಲೈಸರ್ ಹಾಕಿ, ಹತ್ತು ನಿಮಿಷ ಓಡಿಸಿ ಕಾರ್ಬ್ಯುರೇಟರಿಗೂ ತಲುಪಲಿ. ಆಯಿಲ್ ಹೊಸದು ಹಾಕಿಯೇ ಮಲಗಿಸಿ, ಕೂಲಂಟ್ ಅರ್ಧಕ್ಕರ್ಧ ಇದ್ರೆ ಮೈನಸ್ 37 ಸೆಲ್ಸಿಯಸ್‌ವರೆಗೆ ತಡೆಯುತ್ತೆ. ಬ್ಯಾಟರಿಗೆ ಮೇಂಟೇನರ್ (ಚಾರ್ಜ್ ಇಳಿಯದ ಹಾಗೆ ನೋಡೋ ಸಾಧನ). ತಿಂಗಳಿಗೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋ ಅಭ್ಯಾಸ ಬೇಡವೇ ಬೇಡ, ಎಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರ್ ಒಳಗೂ ಆಯಿಲ್ ಒಳಗೂ ನೀರು ನಿಲ್ಲುತ್ತೆ. ಇಲಿ ಬರದ ಹಾಗೆ ಸೈಲೆನ್ಸರ್ ಬಾಯಿಗೆ, ಏರ್ ಕ್ಲೀನರ್ ಮೂತಿಗೆ ಸ್ಟೀಲ್ ನಾರು ತುರುಕಿ, ಸ್ಟೀರಿಂಗಿಗೆ ಒಂದು ಚೀಟಿ ಕಟ್ಟಿ: ‘ನಾರು ತೆಗೆದು ಸ್ಟಾರ್ಟ್ ಮಾಡು’.